ಸಯಾಮ್ ಅರಮನೆಯ ಟೀಚರಮ್ಮನ ಪುಸ್ತಕ: ಕೊಳ್ಳಬೇಕೆ, ಡೌನ್‌ಲೋಡ್ ಸಾಕೆ?

ಮೊದಲೇ ಹೇಳಿಬಿಡುತ್ತೇವೆ. ದುಡ್ಡು ಕೊಟ್ಟು ತರಿಸುವ ಅಗತ್ಯವಿಲ್ಲ, ಆದರೆ ಓದಲೇಬೇಕಾದ ಪುಸ್ತಕ. ಅದೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಲ್ಲ. ಅನ್ನಾ ಲಿಯೊನೋವೆನ್ಸ್ 1870ರಲ್ಲಿ ಅಚ್ಚು ಹಾಕಿಸಿದ 'ದಿ ಇಂಗ್ಲಿಷ್ ಗವರ್ನೆಸ್ ಅಟ್ ದಿ ಸಯಾಮೀಸ್ ಕೋರ್ಟ್' ಎಂಬ ಈ ಕೃತಿಯಲ್ಲಿ 30 ಅಧ್ಯಾಯಗಳಿವೆ. ಎಂಟು ಹತ್ತು ಅಧ್ಯಾಯಗಳು ಗಟ್ಟಿ ಕಾಳು, ಇನ್ನೊಂದಿಷ್ಟು ಓದಿಸಿಕೊಂಡು ಹೋಗುತ್ತವೆ, ಉಳಿದದ್ದು ಪುಟ ತುಂಬಿಸಲು ಹಾಕಿದ ಜೊಳ್ಳು. ಯಾವುದು ಕಾಳು, ಯಾವುದು ಜೊಳ್ಳು ಎಂದು ಗೊತ್ತಿಲ್ಲದೆ ಕೈಗೆತ್ತಿಕೊಂಡವರು ಮೂರನೇ ಅಧ್ಯಾಯದ ಸಯಾಮ್ (ಇಂದಿನ ಥಾಯ್ಲೆಂಡ್) ಚರಿತ್ರೆಯಲ್ಲೇ ಸಿಕ್ಕಿಬಿದ್ದು ಪುಸ್ತಕ ಮುಚ್ಚಿಡುತ್ತಾರೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂಗ್ಲಿಷ್ ಎಂ.ಎ. ಓದುವವರು, ಬಿ.ಇಡಿ. ಮಾಡುವವರು, ಓದುಗ ಬಳಗ ಕಟ್ಟಿಕೊಂಡವರು ಇದರ ಸುದ್ದಿ ಕೇಳಿರುವುದು ಹೆಚ್ಚಾಗಿ ಸಿನಿಮಾದ ಮೂಲಕ. ಬೋಳುತಲೆಯ ರಾಜ, ಅಗಲ ಲಂಗದ ಬಿಳಿ ಟೀಚರು, ಇಬ್ಬರ ಕುಣಿತ. ಆ ಕುಣಿತ ಈ ಪುಸ್ತಕದಲ್ಲಿ ಇಲ್ಲ. ಪ್ರೇಮವೂ ಇಲ್ಲ. ಇಲ್ಲಿರುವುದು ಪಗಾರ, ಮನೆ, ಕೆಲಸದ ವೇಳೆ, ಕೊಟ್ಟ ಮಾತು, ತಪ್ಪಿದ ಮಾತು. ಮನೆಪಾಠ ಹೇಳಿಕೊಟ್ಟು ಬದುಕುವ ಒಬ್ಬ ವಿಧವೆ ಪರದೇಶದ ದೊರೆಯೊಬ್ಬನ ಜತೆ ಐದು ವರ್ಷ ನಡೆಸಿದ ಕರಾರಿನ ಹಕೀಕತ್ತು ಇದು. ಹಾಗೆಂದು ತಿಳಿದು ಓದಿದರೆ ಪುಸ್ತಕ ಕೈಹಿಡಿದು ನಡೆಸುತ್ತದೆ. ಅಂತಃಪುರದ ರಹಸ್ಯ ಹುಡುಕಿಕೊಂಡು ಹೋದರೆ ಮೋಸ ಹೋಗುತ್ತೀರಿ, ಯಾಕೆಂದರೆ ಲೇಖಕಿ ನಂಬಿಕೆಗೆ ಅರ್ಹಳಲ್ಲದ ಜಾಗಗಳು ಬಹುತೇಕ ಅವೇ.

ಪ್ರತಿ ಎಲ್ಲಿ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆ. ಬಳ್ಳಾರಿಯ ಪುಸ್ತಕದಂಗಡಿಗಳ ಇಂಗ್ಲಿಷ್ ಕಪಾಟಿನಲ್ಲಿ ಗೈಡುಗಳಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೇ ಜಾಗ ಸಾಲದು, ಅಲ್ಲಿ ಇದನ್ನು ಹುಡುಕುವುದು ವ್ಯರ್ಥ. ಉಳಿದಿರುವುದು ಮೂರು ದಾರಿ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇಡೀ ಪಠ್ಯ ಪುಕ್ಕಟೆ ಇದೆ. ಮೊಬೈಲಿನಲ್ಲಿ ಓದುವವರು ಇ-ಪಬ್ ಕಡತ ಇಳಿಸಿಕೊಳ್ಳಿ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಪದ ಒತ್ತಿದರೆ ನಿಘಂಟು ತೆರೆಯುತ್ತದೆ. ಬರೀ ಟೆಕ್ಸ್ಟ್ ಕಡತ ಇಳಿಸಿಕೊಂಡರೆ ಚಿತ್ರಗಳು ಸಿಗುವುದಿಲ್ಲ. ಎರಡನೆಯದು ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಪ್ರತಿಯ ಸ್ಕ್ಯಾನ್. ಕಡತ ಭಾರ, ಚಿಕ್ಕ ಪರದೆಯಲ್ಲಿ ಓದಲು ಕಣ್ಣು ನೋಯುತ್ತದೆ, ಆದರೆ ಚಿತ್ರಗಳಿಗಾಗಿ ಅದನ್ನೇ ತೆರೆಯಬೇಕು. ಸಯಾಮ್ ದೊರೆ ತನಗೆ ಕೊಟ್ಟ ಫೋಟೋಗಳಿಂದ ಮಾಡಿದ ಚಿತ್ರಗಳು ಎಂದು ಲೇಖಕಿ ಮುಖಪುಟದಲ್ಲೇ ಹೇಳಿಕೊಂಡಿದ್ದಾಳೆ. ಪುಸ್ತಕದ ಅರ್ಧ ಆಕರ್ಷಣೆ ಆ ಚಿತ್ರಗಳು.

ಮೂರನೆಯದು ಆನ್‌ಲೈನ್ ಅಂಗಡಿಗಳಲ್ಲಿ ಬಗೆಬಗೆಯ ರಟ್ಟಿನಲ್ಲಿ ಸಿಗುವ ಮರುಮುದ್ರಣ. ಹಕ್ಕುಸ್ವಾಮ್ಯ ಮುಗಿದ ಪುಸ್ತಕವಾದ್ದರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಕುತ್ತಾರೆ ಕೂಡ. ಇವುಗಳಲ್ಲಿ ಎಡವಟ್ಟು ಆಗುವುದು ಹೀಗೆ: ಹಳೆಯ ಪುಟವನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಅಕ್ಷರ ಓದಿಸುತ್ತಾರೆ, ಮನುಷ್ಯರು ಕರಡು ತಿದ್ದುವುದಿಲ್ಲ. ಆಗ ಪುಟದ ತಲೆಬರಹ ಬಂದು ವಾಕ್ಯದ ನಡುವೆ ಕೂತುಬಿಡುತ್ತದೆ, ಅಡಿಟಿಪ್ಪಣಿ ಪಠ್ಯದೊಳಗೆ ಸೇರಿಕೊಳ್ಳುತ್ತದೆ. ಸಯಾಮೀ ಹೆಸರುಗಳ ನಡುವೆ ಲೇಖಕಿ ಹಾಕಿದ ಅಪಾಸ್ಟ್ರಫಿಗಳು ಯಂತ್ರಕ್ಕೆ ಅರ್ಥವಾಗದೆ ಚಿಂದಿಯಾಗುತ್ತವೆ. ಚಿತ್ರಗಳು ಒಂದೋ ಇರುವುದಿಲ್ಲ, ಇದ್ದರೆ ಬೂದು ಮಸಿಯ ಮುದ್ದೆ. ಕೊಳ್ಳಲೇಬೇಕೆಂದಿದ್ದರೆ ಒಳಪುಟ ತೋರಿಸುವ ಗುಂಡಿ ಒತ್ತಿ ವಿಷಯಸೂಚಿಯಲ್ಲಿ 30 ಅಧ್ಯಾಯ ಇವೆಯೇ ನೋಡಿ. ಆಮೇಲೆ ಪರಿಚಯ ಓದಿ. ಲೇಖಕಿ ಹುಟ್ಟಿದ್ದು ವೇಲ್ಸ್‌ನಲ್ಲಿ ಎಂದು ಬರೆದಿದ್ದರೆ ಅದು ಹಳೆಯ ಕಂತೆಯನ್ನೇ ಮತ್ತೆ ಒಪ್ಪಿಸಿದ ಪ್ರತಿ, ಬಿಟ್ಟುಬಿಡಿ. ಅಹ್ಮದ್‌ನಗರ ಎಂದು ಬರೆದಿದ್ದರೆ ಸಂಪಾದಕರು ಮನೆಗೆಲಸ ಮಾಡಿದ್ದಾರೆ ಎಂದರ್ಥ. ಮಾರುಕಟ್ಟೆಯಲ್ಲಿರುವ ಪ್ರತಿಗಳನ್ನು ತೂಗಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಆ ಅಹ್ಮದ್‌ನಗರದ ಕಥೆ ಗೊತ್ತಿಲ್ಲದೆ ಪುಸ್ತಕ ಅರ್ಧವೇ ಅರ್ಥವಾಗುತ್ತದೆ. ತಾನು ವೇಲ್ಸ್‌ನ ಕಾರ್ನಾರ್ವನ್‌ನಲ್ಲಿ 1834ರಲ್ಲಿ ಹುಟ್ಟಿದ, ಕ್ರಾಫರ್ಡ್ ಎಂಬ ಸೇನಾ ಕ್ಯಾಪ್ಟನ್ನನ ಮಗಳು, ಸತ್ತುಹೋದ ಗಂಡ ಮೇಜರ್ ಎಂದು ಆಕೆ ಬದುಕಿರುವವರೆಗೂ ಹೇಳಿಕೊಂಡಳು. ಖರೆ ಸಂಗತಿ ಬೇರೆ. ಹುಟ್ಟಿದ್ದು 1831ರ ನವೆಂಬರ್‌ನಲ್ಲಿ, ದಖನ್ನಿನ ಅಹ್ಮದ್‌ನಗರದಲ್ಲಿ. ತಂದೆ ಥಾಮಸ್ ಎಡ್ವರ್ಡ್ಸ್ ಕಂಪನಿ ಸರಕಾರದ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯ ಸಾರ್ಜೆಂಟ್, ಮಗಳು ಹುಟ್ಟುವ ಮೊದಲೇ ತೀರಿಕೊಂಡವನು. ತಾಯಿಯ ತಾಯಿ ಬಹುಮಟ್ಟಿಗೆ ಭಾರತೀಯ ರಕ್ತದವಳು ಎಂದು ಸಂಶೋಧಕರ ನಂಬಿಕೆ. ಮಲತಂದೆ ಐರಿಷ್ ಸಿಪಾಯಿ. 1849ರ ಕ್ರಿಸ್‌ಮಸ್ ದಿನ ಪುಣೆಯಲ್ಲಿ ಥಾಮಸ್ ಲಿಯಾನ್ ಓವೆನ್ಸ್ ಎಂಬ ಗುಮಾಸ್ತನ ಜತೆ ಮದುವೆಯಾಯಿತು. ಗಂಡನ ಹೆಸರಿನ ಎರಡು ತುಂಡು ಜೋಡಿಸಿ ಲಿಯೊನೋವೆನ್ಸ್ ಆದಳು. ಆತ 1859ರಲ್ಲಿ ಪೆನಾಂಗ್‌ನಲ್ಲಿ ತೀರಿಕೊಂಡಾಗ ಮೇಜರ್ ಅಲ್ಲ, ಹೋಟೆಲ್ ನೋಡಿಕೊಳ್ಳುವವನು. ಇದೆಲ್ಲ ಹೊರಬಿದ್ದದ್ದು 1976ರಲ್ಲಿ, ಡಬ್ಲ್ಯು.ಎಸ್. ಬ್ರಿಸ್ಟೋ ಎಂಬ ಸಂಶೋಧಕ ಆಕೆಯ ಮಗನ ಜೀವನ ಬರೆಯಲು ಹೊರಟು ಹಳೆಯ ದಾಖಲೆ ಕೆದಕಿದಾಗ.

ಬಳ್ಳಾರಿ ದಂಡಿನ ಚರಿತ್ರೆ ಬಲ್ಲವರಿಗೆ ಈ ಸುಳ್ಳಿನ ಕಾರಣ ಬಿಡಿಸಿ ಹೇಳಬೇಕಿಲ್ಲ. ದಂಡಿನಲ್ಲಿ ಹುಟ್ಟಿದ ಸಾರ್ಜೆಂಟನ ಮಗಳು ಎಷ್ಟೇ ಓದಿದರೂ 'ಇಂಗ್ಲಿಷ್ ಲೇಡಿ' ಆಗುತ್ತಿರಲಿಲ್ಲ. ಮೈಬಣ್ಣ, ಉಚ್ಚಾರ, ಅಪ್ಪನ ಹುದ್ದೆ ಮೂರನ್ನೂ ತೂಗಿ ನೋಡುವ ಸಮಾಜ ಅದು. ಗವರ್ನೆಸ್, ಅಂದರೆ ಸಿರಿವಂತರ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಬೇಕಿದ್ದ ಮೊದಲ ಅರ್ಹತೆ ವಿದ್ಯೆಯಲ್ಲ, ಮನೆತನ. ಇಂಗ್ಲೆಂಡ್‌ನಲ್ಲಿ 1851ರ ಜನಗಣತಿಯ ಹೊತ್ತಿಗೆ ಸುಮಾರು 25 ಸಾವಿರ ಗವರ್ನೆಸ್‌ಗಳಿದ್ದರು. ಮಧ್ಯಮ ವರ್ಗದ ಹೆಣ್ಣು ಮಾನ ಬಿಡದೆ ಮಾಡಬಹುದಾದ ಕೆಲಸ ಹೆಚ್ಚುಕಡಿಮೆ ಅದೊಂದೇ, ಹಾಗಾಗಿ ಪೈಪೋಟಿ ಜೋರು, ಪಗಾರ ಅಗ್ಗ. ಊಟ ವಸತಿ ಬಿಟ್ಟರೆ ವರ್ಷಕ್ಕೆ 20ರಿಂದ 45 ಪೌಂಡ್ ಸಿಕ್ಕರೆ ಸಾಮಾನ್ಯ. ಸಯಾಮ್ ದೊರೆ ಆಕೆಗೆ ಕೊಟ್ಟದ್ದು ತಿಂಗಳಿಗೆ 100 ಬೆಳ್ಳಿ ಡಾಲರ್. ಆಗಿನ ವಿನಿಮಯದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 250 ಪೌಂಡ್ ಆಯಿತು. ಸಿಂಗಪುರದಲ್ಲಿ ಪುಟ್ಟ ಶಾಲೆ ನಡೆಸಿ ಕೈ ಸುಟ್ಟುಕೊಂಡು, ಎರಡು ಮಕ್ಕಳನ್ನು ಸಾಕಬೇಕಿದ್ದ ವಿಧವೆ ಈ ಕೆಲಸ ಯಾಕೆ ಹಿಡಿದಳು ಎಂಬುದಕ್ಕೆ ಬೇರೆ ವಿವರಣೆ ಬೇಡ. ಮಗಳು ಆವಿಸ್‌ಳನ್ನು ಇಂಗ್ಲೆಂಡ್‌ನ ಶಾಲೆಗೆ ಕಳಿಸಿ, ಮಗ ಲೂಯಿಯನ್ನು ಕರೆದುಕೊಂಡು 1862ರ ಮಾರ್ಚ್‌ನಲ್ಲಿ ಬ್ಯಾಂಕಾಕ್‌ಗೆ ಬಂದಿಳಿದಳು.

ಓದಲು ಶುರು ಮಾಡಬೇಕಾದದ್ದು ಮುನ್ನುಡಿಯ ಹತ್ತಿರ ಕೊಟ್ಟಿರುವ ದೊರೆಯ ಪತ್ರದಿಂದ. 1862ರ ಫೆಬ್ರವರಿ 26ರ ತಾರೀಕು ಹಾಕಿದ, ಮಾಂಗ್‌ಕುಟ್ ದೊರೆ ತಾನೇ ಇಂಗ್ಲಿಷಿನಲ್ಲಿ ಬರೆದ ಪತ್ರ. ವ್ಯಾಕರಣ ಅಲ್ಲಲ್ಲಿ ಜಾರುತ್ತದೆ, ಆದರೆ ಷರತ್ತು ಎಲ್ಲೂ ಜಾರುವುದಿಲ್ಲ. ಇಂಗ್ಲಿಷ್ ಭಾಷೆ, ವಿಜ್ಞಾನ, ಸಾಹಿತ್ಯ ಕಲಿಸಿ, ಕ್ರೈಸ್ತ ಧರ್ಮಕ್ಕೆ ಸೇರಿಸುವ ಕೆಲಸ ಬೇಡ ಎಂದು ಮೊದಲೇ ಕಟ್ಟುನಿಟ್ಟು. ಇದಕ್ಕೆ ಹಿಂದಿನ ಅನುಭವ ಕಾರಣ. 1851ರಿಂದ ಮೂರು ವರ್ಷ ಅಮೆರಿಕನ್ ಮಿಷನರಿಗಳ ಹೆಂಡಂದಿರು ಅಂತಃಪುರದ ಹೆಂಗಸರಿಗೆ ಪಾಠ ಹೇಳಿದ್ದರು. ಪಾಠದ ಜತೆ ಬೈಬಲ್ಲೂ ಒಳಗೆ ಬಂತೆಂದು ದೊರೆ ಅದನ್ನು ನಿಲ್ಲಿಸಿದ್ದ. ಬಳ್ಳಾರಿಯವರಿಗೆ ಈ ಜೋಡಿ ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಮೇಲೆ ಶಾಲೆಯೂ ಕನ್ನಡ ಬೈಬಲ್ಲಿನ ಅನುವಾದವೂ ಒಂದೇ ಅಂಗಳದಲ್ಲಿ ಬೆಳೆದವು. ಎರಡನ್ನೂ ಬೇರೆ ಮಾಡಿ ಕೊಡಿ ಎಂದು ಕೇಳುವ ತಾಕತ್ತು ಇಲ್ಲಿ ಯಾರಿಗೂ ಇರಲಿಲ್ಲ. ಮಾಂಗ್‌ಕುಟ್‌ಗೆ ಇತ್ತು, ಯಾಕೆಂದರೆ ಪಗಾರ ಕೊಡುವವನು ಅವನು.

ಪತ್ರ ಮುಗಿದ ಕೂಡಲೇ ಆರನೇ ಅಧ್ಯಾಯಕ್ಕೆ ಹಾರಿ. ದೊರೆಯ ಮೊದಲ ಭೇಟಿ ಅಲ್ಲಿದೆ. ದೊರೆ ಬೆರಳು ತೋರಿಸಿ ವಯಸ್ಸೆಷ್ಟು ಎಂದು ಕೇಳುತ್ತಾನೆ. ಖಾಸಗಿ ಪ್ರಶ್ನೆಗೆ ರೇಗಿದ ಟೀಚರಮ್ಮ ನೂರೈವತ್ತು ಎನ್ನುತ್ತಾಳೆ. ದೊರೆ ಬಿಡುವ ಆಸಾಮಿಯಲ್ಲ, ಹಾಗಾದರೆ ಹುಟ್ಟಿದ ಇಸವಿ ಯಾವುದು ಎಂದು ತಿರುಗಿ ಕೇಳುತ್ತಾನೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ ಎಂದು ಹೇಳಿಕೊಂಡು 1788 ಎಂದು ಉತ್ತರ ಕೊಡುತ್ತಾಳೆ. ಕೂಡಿ ಕಳೆದು ನೋಡಿ: 1862ರಲ್ಲಿ ಆ ಲೆಕ್ಕಕ್ಕೆ 74 ವರ್ಷವಾಗುತ್ತದೆ, ನೂರೈವತ್ತಲ್ಲ. ಗೆದ್ದೆನೆಂದು ಬರೆದುಕೊಂಡ ಮಾತಿನಲ್ಲೇ ಲೆಕ್ಕ ತಪ್ಪಿದೆ, ಎಂಟು ವರ್ಷದ ಮೇಲೆ ಪುಸ್ತಕ ಅಚ್ಚಿಗೆ ಕೊಡುವಾಗಲೂ ತಿದ್ದಿಲ್ಲ. ಹುಟ್ಟಿದ ಇಸವಿಯನ್ನೇ ಜೀವನಪೂರ್ತಿ ಮುಚ್ಚಿಟ್ಟವಳ ಪುಸ್ತಕದಲ್ಲಿ ಇಂಥ ಪ್ರಸಂಗ ಬಂದಿರುವುದು ತಮಾಷೆಯಾಗಿದೆ. ಬಿಡಿ, ಪ್ರಸಂಗ ಓದಲು ಸೊಗಸಾಗಿದೆ.

ಏಳು, ಎಂಟನೇ ಅಧ್ಯಾಯಗಳಲ್ಲಿ ಮನೆಯ ತಕರಾರು. ಅರಮನೆಯ ಹತ್ತಿರ ಇಟ್ಟಿಗೆ ಮನೆ ಕೊಡುತ್ತೇವೆಂದು ಮಾತಾಗಿತ್ತು. ಮೊದಲು ಇಳಿಸಿದ್ದು ಪ್ರಧಾನಿಯ ಬಂಗಲೆಯಲ್ಲಿ. ಆಮೇಲೆ ತೋರಿಸಿದ ಮನೆ ಮೀನಿನ ಅಂಗಡಿಗಳ ಸಾಲಿನಲ್ಲಿ, ನಾತ ತಡೆಯಲಾಗದ ಕತ್ತಲ ಕೋಣೆ. ಆಕೆ ಒಪ್ಪಲಿಲ್ಲ, ಕೀಲಿ ತಿರುಗಿಸಿ ಕೊಟ್ಟಳು. ಅರಮನೆಯ ಒಳಗೇ ಇರಬೇಕೆಂದು ದೊರೆಯ ಒತ್ತಾಯ, ಸಂಜೆ ಆದ ಮೇಲೆ ಬಾಗಿಲು ಹಾಕಿದರೆ ಹೊರಗೆ ಬರಲಾಗದು ಎಂದು ಆಕೆಯ ಹಟ. ಇಷ್ಟೇ ವಿಷಯಕ್ಕೆ ವಾರಗಟ್ಟಲೆ ಹಗ್ಗಜಗ್ಗಾಟ. ಪುಸ್ತಕದ ಅತ್ಯಂತ ನಂಬಲರ್ಹ ಪುಟಗಳು ಇವು ಎಂಬುದು ನಮ್ಮ ಅಭಿಪ್ರಾಯ. ಮಸಾಲೆ ಹಚ್ಚುವ ಅಗತ್ಯ ಇಲ್ಲಿ ಆಕೆಗೆ ಬೀಳಲಿಲ್ಲ, ಸಿಟ್ಟೇ ಬರೆಸಿದೆ. ಊರುಬಿಟ್ಟು ಊರಿಗೆ ವರ್ಗವಾಗಿ ಹೋಗಿ ಕ್ವಾರ್ಟರ್ಸ್‌ಗಾಗಿ ಅಲೆದ ಯಾವ ಟೀಚರೂ ಈ ಭಾಗವನ್ನು ಗಟ್ಟಿಯಾಗಿ ನಕ್ಕು ಓದಬಹುದು.

ಆಕೆಯ ಜತೆ ಬಂದ ಇಬ್ಬರನ್ನು ಮಾತ್ರ ಗಮನಿಸಿ. ಒಬ್ಬ ಮುನ್ಶಿ, ಆಕೆಗೆ ಫಾರಸಿ ಕಲಿಸುತ್ತಿದ್ದ ಮುದುಕ. ಇನ್ನೊಬ್ಬಳು ಅವನ ಹೆಂಡತಿ ಬೀಬಿ, ಮಕ್ಕಳ ಆಯಾ. ಹತ್ತನೇ ಅಧ್ಯಾಯ ಮುನ್ಶಿ ಪಟ್ಟ ಪಾಡಿನದು. ವೇಲ್ಸ್‌ನಲ್ಲಿ ಬೆಳೆದ ಕ್ಯಾಪ್ಟನ್ನನ ಮಗಳು ಸಯಾಮ್‌ಗೆ ಹೊರಡುವಾಗ ಹಿಂದೂಸ್ತಾನಿ ಮಾತಾಡುವ ಮನೆಯವರನ್ನು ಕಟ್ಟಿಕೊಂಡು ಹೋಗುವುದೇಕೆ ಎಂದು ಅಂದಿನ ವಿಮರ್ಶಕರಿಗೆ ಅನುಮಾನವೇ ಬರಲಿಲ್ಲ. ರಾಯಚೂರಿನ ಹಳೆಯ ಓಣಿಗಳಲ್ಲಿ ಮುನ್ಶಿ, ಬೀಬಿ ಎಂಬ ಮಾತು ಕೇಳಿ ಬೆಳೆದವರಿಗೆ ಥಟ್ಟನೆ ಹೊಳೆಯುತ್ತದೆ, ಈ ಮನೆಯ ಅಡುಗೆಕೋಣೆ ದಖನ್ನಿನದು ಎಂದು.

ಒಂಬತ್ತನೇ ಅಧ್ಯಾಯ ಶಾಲೆಯದು, ಇದನ್ನು ಬಿಡುವಂತಿಲ್ಲ. ಅರಮನೆಯ ಒಳಸುತ್ತಿನ ದೇವಾಲಯದ ಹಜಾರವೇ ತರಗತಿ. ಉದ್ದ ಮೇಜು, ಚಿನ್ನದ ಲೇಪದ ಕುರ್ಚಿಗಳು, ಸುತ್ತ ಆಳುಕಾಳು. ಒಳ್ಳೆಯ ದಿನ ನೋಡಿ ಗುರುವಾರ ಆರಂಭ. ಮೊದಲ ದಿನ ಇಪ್ಪತ್ತರ ಆಸುಪಾಸು ರಾಜಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ವೆಬ್‌ಸ್ಟರ್ ಕಾಗುಣಿತದ ಪುಸ್ತಕ. ಎಬಿಸಿಡಿಯಿಂದಲೇ ಶುರು. ಆ ಸಾಲಿನಲ್ಲಿ ಎಂಟು ವರ್ಷದ ಚುಲಾಲಂಕರ್ಣನೂ ಇದ್ದ, ಮುಂದೆ ಐದನೇ ರಾಮ ಎನಿಸಿದ ದೊರೆ. ಮಕ್ಕಳ ಜತೆ ಕೆಲವು ರಾಣಿವಾಸದ ಹೆಂಗಸರೂ ಕಲಿಯಲು ಕೂತರು. ಮಾಂಗ್‌ಕುಟ್‌ಗೆ ಒಟ್ಟು 82 ಮಕ್ಕಳು ಎಂದು ದಾಖಲೆ ಇದೆ, ಆ ಅಂಕಿಯನ್ನೇ ತರಗತಿಯ ಹಾಜರಿ ಎಂದು ತಿಳಿಯಬೇಡಿ. ಎಷ್ಟೋ ಮಕ್ಕಳು ಆಗಿನ್ನೂ ಹುಟ್ಟಿರಲಿಲ್ಲ, ಎಷ್ಟೋ ಮಂದಿ ದೊಡ್ಡವರಾಗಿದ್ದರು.

ಪಾಠ ಕೆಡುವುದು ಯಾವುದರಿಂದ ಎಂಬುದನ್ನು ಆಕೆ ಅಲ್ಲಲ್ಲಿ ಬಿಟ್ಟುಕೊಡುತ್ತಾಳೆ, ಹೆಕ್ಕಿಕೊಂಡರೆ ಟೀಚರುಗಳಿಗೆ ಇದೇ ಹೆಚ್ಚು ಪ್ರಯೋಜನದ್ದು. ಅರಮನೆಯಲ್ಲಿ ಹಬ್ಬ, ಮೆರವಣಿಗೆ, ಕೂದಲು ತೆಗೆಯುವ ಶಾಸ್ತ್ರ, ಶವಸಂಸ್ಕಾರ ಎಂದು ರಜೆ ಮುಗಿಯುವುದೇ ಇಲ್ಲ. ರಾಜಕುಮಾರನಿಗೆ ಟೀಚರು ಬೈಯುವಂತಿಲ್ಲ. ಮಗು ಕಾಯಿಲೆ ಬಿದ್ದರೆ ಬೆಂಚು ಖಾಲಿ. ಹದಿಮೂರನೇ ಅಧ್ಯಾಯದಲ್ಲಿ ಬರುವ ಫಾ-ಯಿಂಗ್ ಎಂಬ ರಾಜಕುಮಾರಿ, ದೊರೆಯ ಮುದ್ದಿನ ಮಗಳು, 1863ರಲ್ಲಿ ಕಾಲರಾಕ್ಕೆ ಎಂಟನೇ ವಯಸ್ಸಿನಲ್ಲಿ ತೀರಿಕೊಂಡಳು. ಆ ಅಧ್ಯಾಯ ಒಂದೇ ಉಸಿರಿಗೆ ಓದಿಸುತ್ತದೆ. ಇನ್ನು ಯುವರಾಜ ಚುಲಾಲಂಕರ್ಣ 1866ರಲ್ಲಿ ಆರು ತಿಂಗಳು ಸಾಮಣೇರನಾಗಿ (ಕಿರಿಯ ಬಿಕ್ಕು) ವಿಹಾರ ಸೇರಿದ. ಐದು ವರ್ಷ ಕಲಿಸಿದೆ ಎಂಬ ಲೆಕ್ಕದಲ್ಲಿ ಇವನ್ನೆಲ್ಲ ಕಳೆದುಕೊಂಡು ಓದಬೇಕು.

ಮೇಲಾಗಿ ದೊರೆಗೆ ಟೀಚರು ಬರೀ ಟೀಚರಾಗಿ ಉಳಿಯುವುದು ಬೇಕಿರಲಿಲ್ಲ. ಇಂಗ್ಲಿಷ್ ಪತ್ರ ತಿದ್ದು, ನಕಲು ತೆಗೆ, ಆ ಕಾನ್ಸಲ್‌ಗೆ ಹೀಗೆ ಬರೆ, ಹಾಗೆ ಬರೆ. ಹೊತ್ತಿಲ್ಲ ಗೊತ್ತಿಲ್ಲ, ಕರೆದಾಗ ಹೋಗಬೇಕು. ಪಗಾರ ಹೆಚ್ಚಿಸುವ ಮಾತೆತ್ತಿದರೆ ನೀನು ತಂಟೆ ಮಾಡುವವಳು ಎಂಬ ಉತ್ತರ. ಇದೆಲ್ಲ 26 ಮತ್ತು 27ನೇ ಅಧ್ಯಾಯಗಳಲ್ಲಿದೆ. 26ರಲ್ಲಿ ದೊರೆಯ ಹೊಗಳಿಕೆ, ತೆಗಳಿಕೆ ಒಂದೇ ಪುಟದಲ್ಲಿ ಅಕ್ಕಪಕ್ಕ ಕೂತಿವೆ. 27ರಲ್ಲಿ ಆರೋಗ್ಯ ಕೆಟ್ಟು, ರಜೆ ಕೇಳಿ, ತಿಂಗಳುಗಟ್ಟಲೆ ಕಾದು, 1867ರ ಜುಲೈನಲ್ಲಿ ಹಡಗು ಹತ್ತುತ್ತಾಳೆ. ಬಿಟ್ಟು ಹೋಗುವಾಗಲೂ ಇದು ರಜೆ ಅಷ್ಟೇ, ರಾಜೀನಾಮೆಯಲ್ಲ. ವಾಪಸು ಬರಲಿಲ್ಲ.

ಈಗ ಜೊಳ್ಳಿನ ವಿಚಾರ. ಮೂರನೇ ಅಧ್ಯಾಯದ ಚರಿತ್ರೆ, 16ರಿಂದ 24ರವರೆಗಿನ ಬಿಳಿ ಆನೆ, ಪಟ್ಟಾಭಿಷೇಕ, ಬೌದ್ಧ ಸಿದ್ಧಾಂತ, ಮೂಢನಂಬಿಕೆ, 28ರ ರಾಜ್ಯವರ್ಣನೆ, ಇವುಗಳಲ್ಲಿ ತನ್ನ ಕಣ್ಣಿನಿಂದ ನೋಡಿದ್ದು ಯಾವುದು, ಮಿಷನರಿಗಳ ಪುಸ್ತಕದಿಂದ ಎತ್ತಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಕೊನೆಯ ಎರಡು ಅಧ್ಯಾಯಗಳ ಕಾಂಬೋಡಿಯಾದ ಅಂಗ್‌ಕೋರ್ ಪ್ರವಾಸದ ವಿವರ ಫ್ರೆಂಚ್ ಅನ್ವೇಷಕ ಆನ್ರಿ ಮುಓ ಬರೆದದ್ದಕ್ಕೆ ತೀರ ಹತ್ತಿರ ಎಂದು ವಿದ್ವಾಂಸರು ತೋರಿಸಿದ್ದಾರೆ. 19ನೆಯದರಲ್ಲಿ ಯುವರಾಜನ ಜುಟ್ಟು ತೆಗೆಯುವ ಉತ್ಸವ ಇರುವುದರಿಂದ ಅದೊಂದನ್ನು ಓದಿ, ಉಳಿದವು ಸಮಯ ಇದ್ದವರಿಗೆ.

ಸುಳ್ಳು ದಪ್ಪಗಾಗುವುದು 1873ರ ಎರಡನೇ ಪುಸ್ತಕದಲ್ಲಿ. ಅರಮನೆಯ ಕೆಳಗೆ ನೆಲಮಾಳಿಗೆಯ ಕತ್ತಲ ಜೈಲು, ಪ್ರೇಮಿಸಿದ ತಪ್ಪಿಗೆ ಯುವತಿಯನ್ನು ಬಹಿರಂಗವಾಗಿ ಸುಟ್ಟ ಕಥೆ ಎಲ್ಲ ಅಲ್ಲಿವೆ. ಥಾಯ್ ಇತಿಹಾಸಕಾರರು ಕೇಳುವ ಪ್ರಶ್ನೆ ಸರಳ: ಬ್ಯಾಂಕಾಕ್ ನದೀಮುಖದ ಜೌಗು ನೆಲ, ಸ್ವಲ್ಪ ಅಗೆದರೂ ನೀರು ಒಸರುತ್ತದೆ, ಅಲ್ಲಿ ನೆಲಮಾಳಿಗೆ ಕಟ್ಟುವುದು ಹೇಗೆ? ಬ್ಯಾಂಕಾಕ್‌ನಲ್ಲಿದ್ದ ಬೇರೆ ಪಾಶ್ಚಾತ್ಯರು ಇಂಥ ಸುಡುವಿಕೆಯನ್ನು ಎಲ್ಲೂ ದಾಖಲಿಸಿಲ್ಲ ಎಂಬುದೂ ಅವರ ವಾದ. ಅಮೆರಿಕದ ಓದುಗರು ಗುಲಾಮಗಿರಿಯ ಯುದ್ಧ ಮುಗಿಸಿ ಹೊಸತರಲ್ಲಿದ್ದ ಕಾಲ ಅದು, ಸರಪಳಿ ಹಾಕಿದ ಹೆಣ್ಣಿನ ಕಥೆಗೆ ಗಿರಾಕಿ ಸಾಕಷ್ಟಿತ್ತು. ಬರೆದು ಹೊಟ್ಟೆ ಹೊರೆಯುತ್ತಿದ್ದವಳು ಗಿರಾಕಿ ನೋಡಿ ಸರಕು ತಂದಳು. ತಪ್ಪು ಎನ್ನುವುದು ಸುಲಭ, ಅದರ ಫಲ ಅನುಭವಿಸಿದ್ದು ಮಾತ್ರ ಮಾಂಗ್‌ಕುಟ್.

ಆ ದೊರೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ವಿಮರ್ಶೆ ಅಪೂರ್ಣ. ಪಟ್ಟಕ್ಕೆ ಬರುವ ಮೊದಲು, 1824ರಿಂದ 1851ರವರೆಗೆ, 27 ವರ್ಷ ಬಿಕ್ಕುವಾಗಿದ್ದವನು. ಲ್ಯಾಟಿನ್, ಇಂಗ್ಲಿಷ್ ಕಲಿತ, ಖಗೋಳಶಾಸ್ತ್ರ ಅಭ್ಯಾಸ ಮಾಡಿದ. 1855ರಲ್ಲಿ ಬ್ರಿಟಿಷರ ಜತೆ ಬೌರಿಂಗ್ ಒಪ್ಪಂದ ಮಾಡಿಕೊಂಡು ವ್ಯಾಪಾರದ ಬಾಗಿಲು ತೆರೆದ, ಸುತ್ತಲಿನ ನಾಡುಗಳೆಲ್ಲ ಒಂದೊಂದಾಗಿ ಯುರೋಪಿನವರ ಕೈಗೆ ಬೀಳುತ್ತಿದ್ದಾಗ ತನ್ನ ರಾಜ್ಯ ಉಳಿಸಿಕೊಂಡ. ಪರದೇಶದ ಟೀಚರನ್ನು ಕರೆಸಿದ್ದೂ ಈ ರಾಜಕಾರಣದ ಭಾಗವೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ತಾನೇ ಲೆಕ್ಕ ಹಾಕಿ, ವಾ ಕೋ ಎಂಬ ಕರಾವಳಿ ಹಳ್ಳಿಗೆ ಫ್ರೆಂಚ್ ವಿಜ್ಞಾನಿಗಳನ್ನೂ ಸಿಂಗಪುರದ ಬ್ರಿಟಿಷ್ ಗವರ್ನರನ್ನೂ ಕರೆಸಿ ತೋರಿಸಿದ. ಅದೇ ದಿನ, ಅದೇ ನೆರಳು ಸಯಾಮ್ ಮುಟ್ಟುವ ಮೊದಲು ನಮ್ಮ ತಲೆಯ ಮೇಲೆ ಹಾದು ಹೋಗಿತ್ತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಜಾನ್ಸೆನ್ ದುರ್ಬೀನು ಹಚ್ಚಿ ಕೂತಿದ್ದರು, ರಾಯಚೂರು ಸೀಮೆ ಇವೆರಡರ ನಡುವಿನ ದಾರಿಯಲ್ಲೇ ಬಿತ್ತು. ಹೀಲಿಯಂ ಪತ್ತೆಗೆ ದಾರಿ ತೋರಿದ್ದು ಈ ಗ್ರಹಣವೇ. ಮಾಂಗ್‌ಕುಟ್ ಮಾತ್ರ ವಾ ಕೋದಲ್ಲಿ ಮಲೇರಿಯಾ ಅಂಟಿಸಿಕೊಂಡು ಅಕ್ಟೋಬರ್ 1ರಂದು ತೀರಿಕೊಂಡ, 15 ವರ್ಷದ ಚುಲಾಲಂಕರ್ಣ ಪಟ್ಟವೇರಿದ. ಟೀಚರಮ್ಮ ಹೊರಟು ಆಗ ವರ್ಷವಾಗಿತ್ತಷ್ಟೇ.

ಆ ಚುಲಾಲಂಕರ್ಣ 1874ರಲ್ಲಿ ಗುಲಾಮಗಿರಿ ಇಳಿಸುವ ಕಾನೂನು ತಂದು 1905ರಲ್ಲಿ ಪೂರ್ತಿ ರದ್ದು ಮಾಡಿದ. ಅದು ನನ್ನ ಪಾಠದ ಫಲ ಎಂಬ ಧಾಟಿ ಅನ್ನಾಳದು, ಆಕೆಯ ಅಭಿಮಾನಿಗಳದಂತೂ ಕೇಳುವುದೇ ಬೇಡ. ಶಿಷ್ಯ ಟೀಚರನ್ನು ಮರೆತಿರಲಿಲ್ಲ ನಿಜ, 1897ರಲ್ಲಿ ಲಂಡನ್‌ನಲ್ಲಿ ಇಬ್ಬರೂ ಭೇಟಿಯಾದರು. ಆದರೆ ಮೂವತ್ತು ವರ್ಷ ಹಿಡಿದ ಸುಧಾರಣೆಯನ್ನು ವೆಬ್‌ಸ್ಟರ್ ಕಾಗುಣಿತದ ಲೆಕ್ಕಕ್ಕೆ ಬರೆಯುವುದು ಅತಿಯಾಯಿತು.

ನಮ್ಮ ಸೀಮೆಯವರು ಈ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕಾದ ಜೋಡಿ ಒಂದಿದೆ: ಸುರಪುರದ ಬಾಲರಾಜ ವೆಂಕಟಪ್ಪ ನಾಯಕ ಮತ್ತು ಮೆಡೋಸ್ ಟೇಲರ್. ಟೇಲರ್ 1840ರ ದಶಕದಲ್ಲಿ ಸುರಪುರಕ್ಕೆ ಬಂದವನು ಬಾಲರಾಜನ ಪಾಲಕ. ರಾಜ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ ಎಂದು ಟೇಲರನ ಆತ್ಮಕಥೆ ಹೇಳುತ್ತದೆ. 1858ರಲ್ಲಿ ಆ ಹುಡುಗನೇ ಬ್ರಿಟಿಷರ ವಿರುದ್ಧ ಎದ್ದು ಸೋತ, ಸೆರೆಯಲ್ಲಿದ್ದಾಗಲೇ ಗುಂಡೇಟಿಗೆ ಪ್ರಾಣ ಬಿಟ್ಟ. ಎರಡೂ ಕಡೆ ಪರದೇಶದ ಗುರು, ಅರಮನೆಯ ಮಗು, ಗುರುವೇ ಬರೆದ ನೆನಪು. ವ್ಯತ್ಯಾಸ ಇಷ್ಟು: ಸುರಪುರದಲ್ಲಿ ಗುರುವಿನ ಬೆನ್ನಿಗೆ ಕಂಪನಿ ಸರಕಾರ ನಿಂತಿತ್ತು, ರಾಜ್ಯದ ಹಣಕಾಸೂ ಅವನ ಕೈಯಲ್ಲಿತ್ತು. ಬ್ಯಾಂಕಾಕ್‌ನಲ್ಲಿ ಗುರು ಕೂಲಿಯವಳು, ಬೇಡವಾದರೆ ಕಳಿಸಿಬಿಡಬಹುದು. ಹೀಗೆ ಹೋಲಿಸಿದರೆ ಅನ್ನಾಳ ಸಿಟ್ಟು, ಹಟ, ಗತ್ತು ಎಲ್ಲಕ್ಕೂ ಬೇರೆಯದೇ ಅರ್ಥ ಬರುತ್ತದೆ. ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವವರು ಇದರ ಮೇಲೆ ಕಣ್ಣು ಹಾಕಬಹುದು.

ಇಂಗ್ಲಿಷ್ ಹೇಗಿದೆ? ಕಷ್ಟ. ವಿಕ್ಟೋರಿಯಾ ಕಾಲದ ಉದ್ದ ವಾಕ್ಯ, ಒಂದು ಸೆಮಿಕೋಲನ್ ಮುಗಿದರೆ ಇನ್ನೊಂದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲು ಒಂಬತ್ತನೇ ಅಧ್ಯಾಯದ ಎರಡು ಪುಟ ಓದಿ ನೋಡಿ, ಅದು ದಾಟಿದರೆ ಉಳಿದ ಶಾಲೆ-ಮನೆ ಅಧ್ಯಾಯಗಳೂ ದಾಟುತ್ತವೆ. ಹೆಸರುಗಳೇ ದೊಡ್ಡ ತಲೆನೋವು. ಆಕೆಯ ಕಾಗುಣಿತ ಇಂದಿನದಲ್ಲ. 'ಕ್ರಾಲಾಹೋಮ್' ಎಂದರೆ ಪ್ರಧಾನಿ, ಸಿ ಸುರಿಯವಾಂಗ್ಸೆ ಎಂದು ಹುಡುಕಿದರೆ ಇಂಟರ್ನೆಟ್‌ನಲ್ಲಿ ಸಿಗುತ್ತಾನೆ. 'ಮೀನಾಮ್' ಎಂದರೆ ನದಿ, ಚಾವೊ ಫ್ರಾಯಾ. 'ವಾಟ್' ದೇವಾಲಯ, 'ಚೌಫಾ' ರಾಣಿಗೆ ಹುಟ್ಟಿದ ರಾಜಕುಮಾರ, 'ನಾಗ್‌ಕಾನ್ ವಾಟ್' ಎಂದರೆ ಅಂಗ್‌ಕೋರ್ ವಾಟ್. ಈ ಐದನ್ನು ರಟ್ಟಿನ ಒಳಬದಿಗೆ ಬರೆದಿಟ್ಟುಕೊಂಡರೆ ಸಾಕು.

ಸಿನಿಮಾ ನೋಡಿ ಪುಸ್ತಕಕ್ಕೆ ಬರುವವರಿಗೆ: ಹೆಚ್ಚಿನ ಸಿನಿಮಾಗಳ ಬೇರು ಈ ಪುಸ್ತಕವಲ್ಲ, ಮಾರ್ಗರೆಟ್ ಲ್ಯಾಂಡನ್ 1944ರಲ್ಲಿ ಇದನ್ನೂ ಎರಡನೇ ಪುಸ್ತಕವನ್ನೂ ಬೆರೆಸಿ ಬರೆದ ಕಾದಂಬರಿ. 1956ರ ಸಂಗೀತ ಸಿನಿಮಾದಲ್ಲಿ ದೊರೆಯ ಪಾತ್ರಕ್ಕೆ ಯೂಲ್ ಬ್ರಿನ್ನರ್‌ಗೆ ಆಸ್ಕರ್ ಬಂತು. 1999ರ ಸಿನಿಮಾಕ್ಕೆ ಥಾಯ್ಲೆಂಡ್‌ನಲ್ಲಿ ಚಿತ್ರೀಕರಣಕ್ಕೆ ಅನುಮತಿ ಸಿಗಲಿಲ್ಲ, ಮಲೇಷ್ಯಾದಲ್ಲಿ ತೆಗೆದರು, ಥಾಯ್ಲೆಂಡ್‌ನಲ್ಲಿ ಅದರ ಪ್ರದರ್ಶನಕ್ಕೂ ನಿಷೇಧ ಬಿತ್ತು. ಇದೇ ಬಗೆಯ ಇನ್ನೊಂದು ಪುಸ್ತಕ ಬೇಕಿದ್ದರೆ ಎಮೆಲಿನ್ ಲಾಟ್ ಎಂಬಾಕೆ 1860ರ ದಶಕದಲ್ಲಿ ಈಜಿಪ್ಟಿನ ಇಸ್ಮಾಯಿಲ್ ಪಾಷಾನ ಮಗನಿಗೆ ಗವರ್ನೆಸ್ ಆಗಿದ್ದ ಅನುಭವ ಬರೆದಿದ್ದಾಳೆ. ಅಲ್ಲಿಯೂ ಊಟ, ಕೋಣೆ, ಪಗಾರದ್ದೇ ಗೋಳು, ಆದರೆ ಬರವಣಿಗೆ ಸಪ್ಪೆ, ಗೊಣಗಾಟ ಜಾಸ್ತಿ. ಅನ್ನಾಳ ಹತ್ತಿರಕ್ಕೂ ಬರುವುದಿಲ್ಲ.

ಕನ್ನಡಕ್ಕೆ ತರುವ ಆಸೆ ಇರುವವರಿಗೆ ಕಾನೂನಿನ ಅಡ್ಡಿಯಿಲ್ಲ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡು 60 ವರ್ಷದವರೆಗೆ. ಅನ್ನಾ ತೀರಿಕೊಂಡದ್ದು 1915ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಲ್ಯಾಂಡನ್ ಕಾದಂಬರಿಗೆ, ಸಿನಿಮಾಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವುಗಳಿಂದ ಸಾಲು, ದೃಶ್ಯ ಎತ್ತಬೇಡಿ. ಇಡೀ ಪುಸ್ತಕ ಅನುವಾದಿಸುವ ಬದಲು ಪತ್ರ, 6ರಿಂದ 11, 13, 19, 26, 27 ಇಷ್ಟನ್ನು ತಂದು, ಮುಂದೆ ಆಕೆಯ ನಿಜವಾದ ಹುಟ್ಟಿನ ಕಥೆ ಸೇರಿಸಿದರೆ ಕೈಗೆ ಹಗುರಾದ, ಓದಲು ತಕ್ಕ ಪುಸ್ತಕವಾಗುತ್ತದೆ.

ಓದುಗ ಬಳಗಕ್ಕೆ ಇದೇ ಅಧ್ಯಾಯಗಳನ್ನು ಗುಟೆನ್‌ಬರ್ಗ್‌ನ ವೆಬ್ ಪುಟದಿಂದ ನಕಲು ತೆಗೆದು ವರ್ಡ್ ಕಡತದಲ್ಲಿ ಅಂಟಿಸಿ, ಅಕ್ಷರ 12 ಪಾಯಿಂಟ್, ಎಡಬದಿಗೆ ಒಂದು ಇಂಚು ಅಂಚು ಬಿಟ್ಟು, ಎ4 ಹಾಳೆಯ ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಕಟ್ಟಿಸಿ. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಮಾಡಿಯೇ ಒಯ್ಯಿರಿ, ವರ್ಡ್ ಕಡತ ಒಯ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ಪುಟಗಳು ಹಿಂದುಮುಂದಾಗುತ್ತವೆ. ಚಿತ್ರಗಳ ಪುಟಗಳನ್ನು ಆರ್ಕೈವ್ ಸ್ಕ್ಯಾನಿನಿಂದ ಬೇರೆ ತೆಗೆದು, ಕಪ್ಪು-ಬಿಳುಪು ಬೇಡ, ಗ್ರೇಸ್ಕೇಲ್‌ನಲ್ಲಿ ಹಾಕಿ ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ದೊರೆಯ ಮುಖವೂ ಯುವರಾಜನ ಮುಖವೂ ಮಸಿ ಬಡಿದಂತೆ ಬರುತ್ತದೆ.